ಘಟ್ಟದ ಕೆಳಗೆ ಒಂಬತ್ತು ಕಿರೀಟ

2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14,58,545. ಬೆಳಗಾವಿ ಜಿಲ್ಲೆಯದು 47,79,661. ನಮ್ಮ ಒಂದೇ ಜಿಲ್ಲೆಯ ಜನರನ್ನು ಘಟ್ಟ ಇಳಿಸಿದರೆ ಮೂರು ಗೋವಾ ತುಂಬಿ, ಇನ್ನೂ ನಾಲ್ಕು ಲಕ್ಷ ಜನ ಮಿಗುತ್ತಾರೆ. ನೆಲದ ಲೆಕ್ಕವೂ ಹೀಗೇ ಇದೆ: ಗೋವಾ 3,702 ಚದರ ಕಿಲೋಮೀಟರ್, ಬೆಳಗಾವಿ ಜಿಲ್ಲೆ 13,415. ಜನದಲ್ಲಿ ಮೂರು ಪಟ್ಟು, ನೆಲದಲ್ಲಿ ಮೂರೂವರೆ ಪಟ್ಟು ನಾವೇ ದೊಡ್ಡವರು.

ಈಗ ಇನ್ನೊಂದು ಲೆಕ್ಕ ನೋಡಿ. ಭಾರತದಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದದ್ದು 1996–97ರಲ್ಲಿ. 2007ರಲ್ಲಿ ಅದರ ಜಾಗಕ್ಕೆ ಐ–ಲೀಗ್ ಬಂತು. ಮೊದಲ ವರ್ಷದಿಂದ 2012–13ರವರೆಗೆ ಒಟ್ಟು 17 ಋತುಗಳು ನಡೆದವು. ಈ 17ರಲ್ಲಿ 9 ಬಾರಿ ಚಾಂಪಿಯನ್ ಆದದ್ದು ಗೋವಾದ ಕ್ಲಬ್‌ಗಳು. ಡೆಂಪೊ 5 ಸಲ, ಸಾಲ್ಗಾಂವ್ಕರ್ 2 ಸಲ, ಚರ್ಚಿಲ್ ಬ್ರದರ್ಸ್ 2 ಸಲ. ಫುಟ್‌ಬಾಲಿನ ತವರು ಎನ್ನಿಸಿಕೊಂಡ ಕೋಲ್ಕತ್ತದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಲಾ 3ರಂತೆ 6 ಗೆದ್ದವು. ಪಂಜಾಬಿನ ಜೆಸಿಟಿಗೆ ಒಂದು, ಮುಂಬೈನ ಮಹೀಂದ್ರ ಯುನೈಟೆಡ್‌ಗೆ ಒಂದು. ಉಳಿದ ಭಾರತಕ್ಕೆ ಸೊನ್ನೆ. ಕರ್ನಾಟಕವೂ ಆ ಉಳಿದ ಭಾರತದಲ್ಲೇ ಇತ್ತು.

ದೇಶದ 121 ಕೋಟಿ ಜನರಲ್ಲಿ ಗೋವಾದವರು ಶೇ 0.12. ದೇಶದ ಲೀಗ್ ಕಿರೀಟಗಳಲ್ಲಿ ಅವರ ಪಾಲು ಶೇ 53. ಜನಸಂಖ್ಯೆಗೆ ತಕ್ಕ ಪಾಲಿಗಿಂತ ನಾನೂರು ಪಟ್ಟಿಗೂ ಹೆಚ್ಚು. ಪಶ್ಚಿಮ ಬಂಗಾಳದ ಜನಸಂಖ್ಯೆ ಗೋವಾದ ಅರವತ್ತೆರಡು ಪಟ್ಟು. ಆದರೂ ಅದು ಮೂರು ಕಿರೀಟ ಹಿಂದೆಯೇ ಉಳಿಯಿತು. ಯಾವ ಕ್ರೀಡೆಯಲ್ಲೇ ಆಗಲಿ, ನಮ್ಮ ದೇಶದ ಇನ್ನಾವ ರಾಜ್ಯವಾದರೂ ತನ್ನ ಗಾತ್ರವನ್ನು ಹೀಗೆ ಮೀರಿ ನಿಂತದ್ದನ್ನು ನಾನು ಕಂಡಿಲ್ಲ.

ಈ ಬೆರಗು ನಡೆದದ್ದು ದೂರದ ಯಾವುದೋ ಖಂಡದಲ್ಲಲ್ಲ. ಖಾನಾಪುರ ತಾಲ್ಲೂಕಿನ ಗಡಿ ದಾಟಿದರೆ ಗೋವಾ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲ್ಲೂಕಿನ ದೇಗಾಂವದಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಮಾಂಡೋವಿಯಾಗಿ ಪಣಜಿಯನ್ನು ಸವರಿಕೊಂಡು ಸಮುದ್ರ ಸೇರುತ್ತಾಳೆ. ಲೋಂಡಾದಲ್ಲಿ ರೈಲು ಹತ್ತಿದರೆ ಕ್ಯಾಸಲ್‌ರಾಕ್ ದಾಟಿ ಮಡಗಾಂವ್, ವಾಸ್ಕೊ. ಬೆಳಗಾವಿಯ ಫುಟ್‌ಬಾಲ್ ಪ್ರೇಮಿಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಸುಮಾರು 500 ಕಿಲೋಮೀಟರ್ ದೂರ. ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣ ಅದರ ಮೂರನೇ ಒಂದು ಭಾಗದಷ್ಟೂ ಇಲ್ಲ.

ಇನ್ನೂ ಹತ್ತಿರದ ಒಂದು ಅಳತೆ ಹೇಳುತ್ತೇನೆ. ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಪಣಜಿ, ಮಡಗಾಂವ್, ವಾಸ್ಕೊ ಈ ಮೂರು ಊರುಗಳ ನಡುವೆ ಒಂದರಿಂದ ಇನ್ನೊಂದಕ್ಕೆ ಮೂವತ್ತು, ಮೂವತ್ತೈದು ಕಿಲೋಮೀಟರ್. ನಮ್ಮೂರಿನ ಬಸ್ಸು ಖಾನಾಪುರ ಮುಟ್ಟಿ ಇನ್ನೊಂದೆರಡು ಹಳ್ಳಿ ದಾಟುವಷ್ಟು ದೂರದೊಳಗೆ ದೇಶದ ಅರ್ಧಕ್ಕಿಂತ ಹೆಚ್ಚು ಕಿರೀಟಗಳು ಕೂತಿದ್ದವು.

ಏಳು ವರ್ಷ, ಒಂದೇ ರಾಜ್ಯ

ಒಂಬತ್ತರಲ್ಲಿ ಏಳು ಕಿರೀಟಗಳು ಸಾಲಾಗಿ ಬಂದವು. 2006–07 ಡೆಂಪೊ, 2007–08 ಡೆಂಪೊ, 2008–09 ಚರ್ಚಿಲ್ ಬ್ರದರ್ಸ್, 2009–10 ಡೆಂಪೊ, 2010–11 ಸಾಲ್ಗಾಂವ್ಕರ್, 2011–12 ಡೆಂಪೊ, 2012–13 ಚರ್ಚಿಲ್ ಬ್ರದರ್ಸ್. ಏಳು ವರ್ಷ ಟ್ರೋಫಿ ಗೋವಾ ಬಿಟ್ಟು ಹೊರಗೆ ಹೋಗಲಿಲ್ಲ. ಒಂದು ಊರಿನಿಂದ ಪಕ್ಕದ ಊರಿಗೆ ಹೋಯಿತು ಅಷ್ಟೆ. 2007–08ರ ಮೊದಲ ಐ–ಲೀಗಿನಲ್ಲಂತೂ ಡೆಂಪೊಗೂ 36 ಅಂಕ, ಚರ್ಚಿಲ್‌ಗೂ 36 ಅಂಕ. ಭಾರತದ ಅಗ್ರಸ್ಥಾನಕ್ಕಾಗಿ ನಡೆದ ಕೊನೆಯ ಪೈಪೋಟಿ ಒಂದೇ ಪುಟ್ಟ ರಾಜ್ಯದ ಮನೆಯೊಳಗಿನ ಪೈಪೋಟಿಯಾಗಿತ್ತು.

ವೈಯಕ್ತಿಕ ಗೌರವಗಳ ಪಟ್ಟಿಯೂ ಇದೇ ಕಥೆ ಹೇಳುತ್ತದೆ. ಐ–ಲೀಗಿನ ಮೊದಲ ಐದು ಋತುಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದ ಆಟಗಾರ ಪ್ರತಿ ಸಲವೂ ಗೋವಾದ ಕ್ಲಬ್ಬಿನವನೇ. ಮೊದಲ ಮೂರು ವರ್ಷ ಚರ್ಚಿಲ್ ಬ್ರದರ್ಸ್‌ನ ಒಡಾಫಾ ಒಕೋಲಿ, ನಂತರದ ಎರಡು ವರ್ಷ ಡೆಂಪೊದ ರ‍್ಯಾಂಟಿ ಮಾರ್ಟಿನ್ಸ್. ಇಬ್ಬರೂ ನೈಜೀರಿಯಾದವರು. 2007–08ರಲ್ಲಿ ಪ್ರತಿ ತಂಡಕ್ಕೆ 18 ಪಂದ್ಯ. ಒಡಾಫಾ 22 ಗೋಲು. ಮರುವರ್ಷ 22 ಪಂದ್ಯಗಳ ಲೀಗು. ಅವನದು 26 ಗೋಲು. 2011–12ರಲ್ಲಿ 26 ಪಂದ್ಯಗಳ ಲೀಗಿನಲ್ಲಿ ರ‍್ಯಾಂಟಿ ಹೊಡೆದದ್ದು 32. ಪಂದ್ಯಕ್ಕೊಂದು ಗೋಲು ಹೊಡೆದರೆ ಆಟಗಾರನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರೆಸುತ್ತಾರೆ. ಇವನು ಇಡೀ ಋತುವಿಗೆ ಆ ಲೆಕ್ಕ ದಾಟಿಸಿ ಇನ್ನೂ ಆರು ಗೋಲು ಮೇಲಿಟ್ಟ. ಇಂಡಿಯನ್ ಸೂಪರ್ ಲೀಗಿನಲ್ಲಿ ಒಂದು ಋತುವಿನ ದಾಖಲೆ 2024–25ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ನ ಅಲಾಎದ್ದೀನ್ ಅಜರಾಯಿ ಹೊಡೆದ 23. ಅದರ ಪಕ್ಕದಲ್ಲಿಟ್ಟು ನೋಡಿದರೆ 32ರ ಎತ್ತರ ತಿಳಿಯುತ್ತದೆ.

ಡೆಂಪೊದ ಐದೂ ಕಿರೀಟಗಳ ಹಿಂದೆ ಇದ್ದ ಕೋಚ್ ಒಬ್ಬನೇ, ಗೋವಾದವನೇ ಆದ ಅರ್ಮಾಂಡೊ ಕೊಲಾಸೊ. ವಿದೇಶಿ ಮುನ್ಪಡೆಯ ಜೊತೆಗೆ ತಂಡದ ಬೆನ್ನೆಲುಬಾಗಿ ನಿಂತವರು ಕ್ಲೈಮ್ಯಾಕ್ಸ್ ಲಾರೆನ್ಸ್, ಮಹೇಶ್ ಗಾವಳಿ, ಸಮೀರ್ ನಾಯ್ಕ್, ಕ್ಲಿಫರ್ಡ್ ಮಿರಾಂಡಾ. ನಾಲ್ವರೂ ಗೋವಾದ ಹುಡುಗರು, ನಾಲ್ವರೂ ಭಾರತ ತಂಡಕ್ಕೆ ಆಡಿದವರು. ಬೆಲೆ ಕೊಟ್ಟು ತಂದ ಆಟಗಾರರಿಂದ ಒಂದು ಟ್ರೋಫಿ ಬರಬಹುದು. ಐದು ಬರಬೇಕಾದರೆ ಊರೊಳಗಿಂದಲೇ ಆಟಗಾರರು ಬರುತ್ತಲೇ ಇರಬೇಕು.

275 ದಿನಗಳ ಕ್ಲಬ್ಬು

ಈ ಏಳು ವರ್ಷಗಳ ಸಾಲನ್ನು ಮುರಿದದ್ದು ಕೋಲ್ಕತ್ತವಲ್ಲ, ಮುಂಬೈಯಲ್ಲ, ನಮ್ಮ ಕರ್ನಾಟಕ. ಅದೂ ಹೊಸದಾಗಿ ಹುಟ್ಟಿದ ಕ್ಲಬ್ಬು.

ಬೆಂಗಳೂರು ಎಫ್‌ಸಿ ಸ್ಥಾಪನೆಯಾದದ್ದು 2013ರ ಜುಲೈ 20ರಂದು. ಅದಕ್ಕೆ ಮೊದಲು ಐಟಿಐ, ಎಚ್‌ಎಎಲ್ ಎಂಬ ಕಾರ್ಖಾನೆ ತಂಡಗಳು ರಾಷ್ಟ್ರೀಯ ಲೀಗಿನಲ್ಲಿ ಕರ್ನಾಟಕದ ಹೆಸರು ಉಳಿಸಲು ಹೆಣಗಿದ್ದವು. ಪಟ್ಟದ ಹತ್ತಿರಕ್ಕೂ ಬಂದಿರಲಿಲ್ಲ. ಹೊಸ ಕ್ಲಬ್ಬಿಗೆ ಆಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೆಟ್ರಿ ನಾಯಕ. 13 ತಂಡಗಳ ಲೀಗು, ತಂಡಕ್ಕೆ 24 ಪಂದ್ಯ. ಛೆಟ್ರಿ ಆ ಋತುವಿನಲ್ಲಿ 14 ಗೋಲು ಹೊಡೆದರು. 2014ರ ಏಪ್ರಿಲ್ 21ರಂದು ಬೆಂಗಳೂರು ತಂಡ ಡೆಂಪೊವನ್ನು 4–2ರಿಂದ ಸೋಲಿಸಿ ಪಟ್ಟ ಖಚಿತಪಡಿಸಿಕೊಂಡಿತು. ಕ್ಲಬ್ಬು ಹುಟ್ಟಿ ಆಗ 275 ದಿನ. ಪಂದ್ಯ ನಡೆದ ಜಾಗ? ಫತೋರ್ಡಾ. ಏಳು ವರ್ಷ ಕಿರೀಟ ಹೊತ್ತ ನೆಲದಲ್ಲೇ, ಐದು ಕಿರೀಟದ ಕ್ಲಬ್ಬಿನ ಎದುರಿಗೇ, ಕಿರೀಟ ಕೈ ಬದಲಾಯಿಸಿತು.

ಇಲ್ಲಿ ಒಂದು ಸಂಗತಿ ಮರೆಯಬಾರದು. 2009–10ರಲ್ಲಿ ಡೆಂಪೊ ಗೆದ್ದ ಋತುವಿನಲ್ಲಿ ಛೆಟ್ರಿ ಆ ತಂಡಕ್ಕೆ ಆಡಿದ್ದರು. 2012–13ರಲ್ಲಿ ಚರ್ಚಿಲ್ ಬ್ರದರ್ಸ್ ಗೆದ್ದಾಗ ಆ ತಂಡದಲ್ಲೂ ಇದ್ದರು. ಗೋವಾದ ಏಳು ವರ್ಷಗಳ ಕೊನೆಯ ಕಿರೀಟಕ್ಕೆ ಕೈಹಚ್ಚಿದವರೇ ಮರುವರ್ಷ ಬೆಂಗಳೂರಿನ ನಾಯಕರಾಗಿ ಆ ಸಾಲಿಗೆ ಪೂರ್ಣವಿರಾಮ ಹಾಕಿದರು.

ಅಲ್ಲಿಂದ ಮುಂದಿನ ಪಟ್ಟಿಯನ್ನು ವರ್ಷದ ಪ್ರಕಾರ ಓದಿ. 2014 ಐ–ಲೀಗ್. 2015 ಫೆಡರೇಷನ್ ಕಪ್. ಫೈನಲ್ ಮತ್ತೆ ಫತೋರ್ಡಾದಲ್ಲಿ, ಮತ್ತೆ ಡೆಂಪೊ ವಿರುದ್ಧ, 2–1. 2016 ಮತ್ತೆ ಐ–ಲೀಗ್. 2017 ಮತ್ತೆ ಫೆಡರೇಷನ್ ಕಪ್. ಕಟಕ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಸಿ.ಕೆ. ವಿನೀತ್ ಹೊಡೆದ ಎರಡು ಗೋಲು. 2018 ಸೂಪರ್ ಕಪ್. ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4–1. 2019 ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್). ಮುಂಬೈಯಲ್ಲಿ ಹೆಚ್ಚುವರಿ ಅವಧಿ ಮುಗಿಯಲು ಕೆಲವೇ ನಿಮಿಷ ಇರುವಾಗ ರಾಹುಲ್ ಭೆಕೆಯ ಹೆಡರ್, 1–0. ಎದುರಾಳಿ ಯಾರು? ಎಫ್‌ಸಿ ಗೋವಾ. ಆರು ವರ್ಷ, ವರ್ಷಕ್ಕೊಂದು ರಾಷ್ಟ್ರೀಯ ಟ್ರೋಫಿ. 2022ರಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಮಣಿಸಿ ಗೆದ್ದ ಡ್ಯುರಾಂಡ್ ಕಪ್ ಸೇರಿಸಿದರೆ ಏಳು.

ನಡುವೆ 2016ರಲ್ಲಿ ಈ ಕ್ಲಬ್ಬು ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಆ ಹಂತ ಮುಟ್ಟಿರಲಿಲ್ಲ. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಹಿಮ್ಮೆಟ್ಟಿಸಿದ ರಾತ್ರಿಯನ್ನು ಕನ್ನಡಿಗರು ಮರೆಯುವಂತಿಲ್ಲ. ದೋಹಾದಲ್ಲಿ ನವೆಂಬರ್ 5ರಂದು ಇರಾಕಿನ ವಾಯುಪಡೆ ಕ್ಲಬ್ಬಿನ ಎದುರು ಒಂದೇ ಗೋಲಿನಿಂದ ಸೋಲು. ಆ ಗೋಲು ಹೊಡೆದ ಹಮ್ಮಾದಿ ಅಹ್ಮದ್ ಆ ಟೂರ್ನಿಯೊಂದರಲ್ಲೇ 16 ಗೋಲು ಹೊಡೆದಿದ್ದ.

ಸೋಲುಗಳ ಅಳತೆಯೂ ದೊಡ್ಡದೇ. 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ವಿರುದ್ಧ ಗೆದ್ದಿದ್ದರೆ ಸತತ ಎರಡನೇ ಐ–ಲೀಗ್ ನಮ್ಮದಾಗುತ್ತಿತ್ತು. ಮುಗಿಯಲು ಕೆಲವೇ ನಿಮಿಷ ಇದ್ದಾಗ ಬಿದ್ದ ಗೋಲಿನಿಂದ 1–1 ಆಯಿತು, ಪಟ್ಟ ಕೋಲ್ಕತ್ತಕ್ಕೆ ಹೋಯಿತು. 2017–18ರ ಐಎಸ್ಎಲ್‌ನಲ್ಲಿ 18 ಪಂದ್ಯಗಳಿಂದ 40 ಅಂಕ, ಎರಡನೇ ಸ್ಥಾನದವರಿಗಿಂತ 8 ಅಂಕ ಮುಂದೆ. ಆದರೂ ಸ್ವಂತ ನೆಲದ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 2–3. 2023ರ ಫೈನಲ್ ಫತೋರ್ಡಾದಲ್ಲಿ. ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. 2025ರ ಫೈನಲ್ ಕೋಲ್ಕತ್ತದಲ್ಲಿ. ಹೆಚ್ಚುವರಿ ಅವಧಿಯಲ್ಲಿ ಸೋಲು. 2025ರ ಆ ಫೈನಲ್‌ಗೆ ತಂಡವನ್ನು ತಲುಪಿಸಿದ್ದು ಮತ್ತೆ ಫತೋರ್ಡಾವೇ. ಎಫ್‌ಸಿ ಗೋವಾ ವಿರುದ್ಧದ ಸೆಮಿಫೈನಲ್‌ನ ಎರಡನೇ ಪಂದ್ಯ ಹೆಚ್ಚುವರಿ ಅವಧಿಗೆ ಜಾರಲಿದೆ ಎನ್ನುವ ಹೊತ್ತಿಗೆ, 90 ನಿಮಿಷ ಮುಗಿದ ಮೇಲೆ, 40 ವರ್ಷದ ಛೆಟ್ರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಎರಡೂ ಪಂದ್ಯಗಳ ಒಟ್ಟು ಲೆಕ್ಕ 3–2.

ಆ ಒಂದು ಋತುವಿನಲ್ಲಿ ಛೆಟ್ರಿ ಹೊಡೆದದ್ದು 14 ಗೋಲು. ಏಳು ವರ್ಷಗಳ ಹಿಂದೆ, 2017–18ರಲ್ಲಿ, ಹೊಡೆದದ್ದೂ 14. ಭಾರತಕ್ಕಾಗಿ ಅವರ ಅಂತರರಾಷ್ಟ್ರೀಯ ಗೋಲುಗಳು 95. ಪುರುಷರ ಫುಟ್‌ಬಾಲ್ ಚರಿತ್ರೆಯಲ್ಲಿ ಅವರಿಗಿಂತ ಮುಂದಿರುವವರು ಕ್ರಿಸ್ಟಿಯಾನೊ ರೊನಾಲ್ಡೊ, ಲಯೊನೆಲ್ ಮೆಸ್ಸಿ, ಇರಾನಿನ ಅಲಿ ದಾಯಿ ಮಾತ್ರ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ವರ್ಷದ ಆಟಗಾರ ಪ್ರಶಸ್ತಿ 7 ಸಲ. 2011ರಲ್ಲಿ ಅರ್ಜುನ, 2019ರಲ್ಲಿ ಪದ್ಮಶ್ರೀ, 2021ರಲ್ಲಿ ಖೇಲ್ ರತ್ನ. ಸಿಕಂದರಾಬಾದಿನಲ್ಲಿ ಹುಟ್ಟಿದ ಈ ಆಟಗಾರನ ದೊಡ್ಡ ಗೌರವಗಳಲ್ಲಿ ಬಹುಪಾಲು ಬೆಂಗಳೂರಿನ ನೀಲಿ ಅಂಗಿಯಲ್ಲಿ ಬಂದವು.

ತಲೆ ಎಣಿಸಿದರೆ

ಇಷ್ಟೆಲ್ಲ ಸಾಧನೆಯ ನಂತರವೂ ನಮ್ಮ ತಲಾ ಲೆಕ್ಕ ಏನು? ಕರ್ನಾಟಕದ ಜನಸಂಖ್ಯೆ 2011ರಲ್ಲಿ 6.11 ಕೋಟಿ. ಎರಡು ಐ–ಲೀಗ್, ಒಂದು ಐಎಸ್ಎಲ್ ಸೇರಿ ಮೂರು ಲೀಗ್ ಪಟ್ಟ. ಎರಡು ಕೋಟಿ ಜನರಿಗೆ ಒಂದು. ಗೋವಾದಲ್ಲಿ ಆ ಒಂಬತ್ತನ್ನಷ್ಟೇ ಎಣಿಸಿದರೂ 1.62 ಲಕ್ಷ ಜನರಿಗೆ ಒಂದು. ಅದೇ ದರದಲ್ಲಿ ಸುಮಾರು 4.9 ಲಕ್ಷ ಜನರ ಬೆಳಗಾವಿ ನಗರಕ್ಕೇ 3 ಕಿರೀಟ ಬರಬೇಕಿತ್ತು. ಜಿಲ್ಲೆಗೆ 29. ಕರ್ನಾಟಕಕ್ಕೆ 377.

ಅದೇ ದರದಲ್ಲಿ ಖಾನಾಪುರ ತಾಲ್ಲೂಕಿಗೂ ಒಂದು ಕಿರೀಟ ಸಲ್ಲುತ್ತದೆ. ದಟ್ಟ ಕಾಡು, ಚದುರಿದ ಹಳ್ಳಿ, ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಊರುಗಳಿರುವ ತಾಲ್ಲೂಕು ಅದು. ಆದರೂ ಜನಸಂಖ್ಯೆ ಎರಡು ಲಕ್ಷ ಮೀರಿದೆ.

ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯ ಲೆಕ್ಕವೂ ಹೀಗೇ ಕಣ್ಣು ತೆರೆಸುತ್ತದೆ. ಮೈಸೂರು ರಾಜ್ಯವಾಗಿದ್ದಾಗ ನಮ್ಮ ತಂಡ 1946–47, 1952–53, 1967–68, 1968–69ರಲ್ಲಿ ಗೆದ್ದಿತ್ತು. ಐದನೆಯದಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಯಬೇಕಾಯಿತು: 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯದ ವಿರುದ್ಧ 3–2. ಒಟ್ಟು 5. ಗೋವಾದ್ದೂ 5, ಅದರಲ್ಲಿ ಒಂದು ಬಂಗಾಳದೊಂದಿಗೆ ಹಂಚಿಕೊಂಡದ್ದು. ನಲವತ್ತು ಪಟ್ಟು ದೊಡ್ಡ ರಾಜ್ಯ ಮತ್ತು ಪುಟ್ಟ ರಾಜ್ಯ ಸರಿಸಮ ನಿಂತಿವೆ.

ಜಗತ್ತಿನತ್ತ ನೋಡಿದರೆ ಗೋವಾ ಒಂಟಿಯಲ್ಲ. ಉರುಗ್ವೆಯ ಇಂದಿನ ಜನಸಂಖ್ಯೆ ಸುಮಾರು 35 ಲಕ್ಷ, ಬೆಳಗಾವಿ ಜಿಲ್ಲೆಗಿಂತ ಕಡಿಮೆ. ಆ ದೇಶ 1930 ಮತ್ತು 1950ರಲ್ಲಿ ವಿಶ್ವಕಪ್ ಗೆದ್ದಿದೆ, 15 ಸಲ ಕೊಪಾ ಅಮೆರಿಕ ಗೆದ್ದಿದೆ. 2021ರ ಗಣತಿಯಲ್ಲಿ ಕ್ರೊವೇಷಿಯಾದ ಜನ 38.7 ಲಕ್ಷ, 2018ರಲ್ಲಿ ವಿಶ್ವಕಪ್ ಫೈನಲ್, 2022ರಲ್ಲಿ ಮೂರನೇ ಸ್ಥಾನ. 2016ರ ಜೂನ್ 27ರಂದು ಯುರೊ ಕಪ್‌ನಲ್ಲಿ ಇಂಗ್ಲೆಂಡನ್ನು 2–1ರಿಂದ ಮನೆಗೆ ಕಳಿಸಿದ ಐಸ್‌ಲ್ಯಾಂಡಿನಲ್ಲಿ ಆಗ ಇದ್ದವರು 3.3 ಲಕ್ಷ ಜನ. ಬೆಳಗಾವಿ ನಗರದ ಮೂರನೇ ಎರಡು ಭಾಗ. 2025ರ ನವೆಂಬರ್‌ನಲ್ಲಿ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆದ ಕುರಸಾವೊ ದ್ವೀಪದಲ್ಲಿ ಒಂದೂವರೆ ಲಕ್ಷ ಜನ. ವಿಶ್ವಕಪ್ಪಿಗೆ ಅರ್ಹತೆ ಪಡೆದ ಅತಿ ಚಿಕ್ಕ ದೇಶ ಅದು. ಖಾನಾಪುರ ತಾಲ್ಲೂಕಿನ ಜನಸಂಖ್ಯೆ ಅದಕ್ಕಿಂತ ಹೆಚ್ಚು.

ಈ ಅಂಕಿಗಳೆಲ್ಲ ಒಂದೇ ಮಾತು ಹೇಳುತ್ತವೆ. ಕ್ರೀಡೆಯಲ್ಲಿ ಗೌರವ ಬರುವುದು ಜನಸಂಖ್ಯೆಯಿಂದಲ್ಲ. ಎಷ್ಟು ಮಕ್ಕಳು ಆಡುತ್ತಾರೆ, ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತಾರೆ, ಅವರಿಗೆ ಕಲಿಸುವವರು ಎಷ್ಟು ಮಂದಿ ಎಂಬುದರಿಂದ ಬರುತ್ತದೆ. ಐಸ್‌ಲ್ಯಾಂಡ್ 2000ರಿಂದ ಈಚೆಗೆ ಚಳಿಗಾಲದಲ್ಲೂ ಆಡಲು ದೊಡ್ಡ ಒಳಾಂಗಣ ಅಂಕಣಗಳನ್ನು ಕಟ್ಟಿತು. ಸುಮಾರು 500 ಜನರಿಗೆ ಒಬ್ಬರಂತೆ ಅರ್ಹತೆ ಪಡೆದ ಕೋಚ್‌ಗಳನ್ನು ತಯಾರು ಮಾಡಿತು. ಬೆಳಗಾವಿ ನಗರಕ್ಕೆ ಆ ಲೆಕ್ಕ ಹಿಡಿದರೆ ಸಾವಿರದ ಹತ್ತಿರ ಕೋಚ್‌ಗಳು ಬೇಕಾಗುತ್ತಾರೆ.

ಅದಿರು ಮತ್ತು ಅಂಕಣ

ಗೋವಾಕ್ಕೆ ಫುಟ್‌ಬಾಲ್ ತಂದವರು ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿ, 1883ರಲ್ಲಿ, ಶಿವೋಲಿಯಲ್ಲಿ. ಅಲ್ಲಿಂದ ಅದು ಚರ್ಚಿನ ಮುಂದಿನ ಬಯಲಿಗೆ, ಭತ್ತದ ಗದ್ದೆ ಒಣಗಿದ ಮೇಲೆ ಗದ್ದೆಗೆ, ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಗೋವಾ ಫುಟ್‌ಬಾಲ್ ಸಂಸ್ಥೆ 1959ರಲ್ಲೇ ಹುಟ್ಟಿತು. 1998ರಲ್ಲಿ ವೃತ್ತಿಪರ ಲೀಗ್ ಬಂತು. ಅದರ ಕೆಳಗೆ ಇನ್ನೂ ಹಲವು ಹಂತ. ಹುಡುಗನೊಬ್ಬ ಮೇಲೇರಲು ಊರು ಬಿಡಬೇಕಾಗಿರಲಿಲ್ಲ.

ಹಣ ಬಂದದ್ದು ನೆಲದೊಳಗಿಂದ. ಡೆಂಪೊ, ಸಾಲ್ಗಾಂವ್ಕರ್ ಎರಡೂ ಕಬ್ಬಿಣದ ಅದಿರಿನ ಮನೆತನಗಳ ಕ್ಲಬ್ಬುಗಳು. ಬೆಂಗಳೂರು ಎಫ್‌ಸಿಯ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದು. ಅದರ ದೊಡ್ಡ ಉಕ್ಕಿನ ಕಾರ್ಖಾನೆ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿದೆ, 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯೂ ಅಲ್ಲೇ ವಿಜಯನಗರದಲ್ಲಿದೆ. ಘಟ್ಟದ ಕೆಳಗೂ ಮೇಲೂ ಭಾರತೀಯ ಫುಟ್‌ಬಾಲಿನ ಹಲವು ಕಿರೀಟಗಳಿಗೆ ಚಿನ್ನ ಸಿಕ್ಕಿದ್ದು ಕಬ್ಬಿಣದಿಂದ.

ಆದರೆ ಮೇಲಿನ ಹಂತ ಎಷ್ಟು ಬೇಗ ಕುಸಿಯಬಲ್ಲದು ಎಂಬುದನ್ನೂ ಗೋವಾ ತೋರಿಸಿದೆ. 2012ರಲ್ಲಿ ಅಲ್ಲಿ ಗಣಿಗಾರಿಕೆ ನಿಂತಿತು. 2016ರ ಜೂನ್‌ನಲ್ಲಿ ಐಎಸ್ಎಲ್ ಅನ್ನು ಮೇಲಿನ ಲೀಗ್ ಮಾಡುವ ಫೆಡರೇಷನ್ನಿನ ಯೋಜನೆಯನ್ನು ವಿರೋಧಿಸಿ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್ ದ ಗೋವಾ ಮೂರೂ ಐ–ಲೀಗಿನಿಂದ ಹೊರಬಂದವು. ಏಳು ಲೀಗ್ ಪಟ್ಟಗಳ ಎರಡು ಕ್ಲಬ್ಬುಗಳು ಒಂದೇ ಬಾರಿಗೆ ರಾಷ್ಟ್ರೀಯ ಅಂಕಣ ಬಿಟ್ಟವು. ಆದರೂ ಗೋವಾದ ಫುಟ್‌ಬಾಲ್ ಸಾಯಲಿಲ್ಲ. ಎಫ್‌ಸಿ ಗೋವಾ 2019–20ರಲ್ಲಿ ಐಎಸ್ಎಲ್ ಲೀಗ್ ಹಂತದ ಅಗ್ರಸ್ಥಾನಿಯಾಗಿ ಷೀಲ್ಡ್ ಗೆದ್ದು, 2021ರಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗಿನ ಗುಂಪು ಹಂತದಲ್ಲಿ ಆಡಿದ ಮೊದಲ ಭಾರತೀಯ ಕ್ಲಬ್ ಆಯಿತು. ಡೆಂಪೊ ಕೂಡ 2023–24ರ ಐ–ಲೀಗ್ 2ರಲ್ಲಿ ಎರಡನೆಯದಾಗಿ ಮತ್ತೆ ಐ–ಲೀಗಿಗೆ ಹತ್ತಿತು; ಆ ಹಂತದಲ್ಲಿ ಮೊದಲ ಸ್ಥಾನ ಪಡೆದದ್ದು ನಮ್ಮ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ಮಾಲೀಕರು ಹೋದರೂ ಹಳ್ಳಿಯ ಅಂಕಣ ಉಳಿದರೆ ಆಟ ಮತ್ತೆ ಚಿಗುರುತ್ತದೆ.

ನಮ್ಮಲ್ಲಿ ಕೆಳಗಿನ ಆ ನೆಲೆಯೇ ತೆಳು. ಹಿಂದೆಯೂ ಹಾಗೇ ಇತ್ತು. 1949ರಿಂದ 1953ರವರೆಗೆ ಈಸ್ಟ್ ಬೆಂಗಾಲಿನ ಮುನ್ಪಡೆಯನ್ನು ‘ಪಂಚ ಪಾಂಡವರು’ ಎಂದು ಕೋಲ್ಕತ್ತ ಹೊಗಳುತ್ತಿತ್ತು. ಅವರಲ್ಲಿ ಅಹ್ಮದ್ ಖಾನ್, ಕೆ.ಪಿ. ಧನರಾಜ್ ಇಬ್ಬರೂ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಎಸ್. ರಾಮನ್ ಕೂಡ ಬೆಂಗಳೂರಿನವರೇ. ಪ್ರತಿಭೆ ನಮ್ಮದು, ಗೌರವದ ಪಟ್ಟಿಯಲ್ಲಿ ಹೆಸರು ಬೇರೆ ಊರಿನ ಕ್ಲಬ್ಬಿನದು.

ಬೆಳಗಾವಿಗೆ ಕಸುವಿಲ್ಲ ಎನ್ನಲು ಸಾಧ್ಯವಿಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ಹಾಕಿ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲ್ ಇದ್ದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳಗಾವಿ ತಾಲ್ಲೂಕಿನ ತುರಮುರಿಯ ಮಲಪ್ರಭಾ ಜಾಧವ್ ಕುರಾಶ್ ಎಂಬ ಕುಸ್ತಿಯ ಬಗೆಯಲ್ಲಿ ಕಂಚು ಗೆದ್ದರು. ಕುಸ್ತಿಯ ಕಣ ಇಲ್ಲದ ಊರು ಈ ಸೀಮೆಯಲ್ಲಿ ವಿರಳ. ಫುಟ್‌ಬಾಲಿಗೂ ಇಲ್ಲಿ ಬೇರಿದೆ. 1856ರಲ್ಲಿ ಆರಂಭವಾದ ಸೇಂಟ್ ಪಾಲ್ಸ್ ಶಾಲೆಯ ಮೈದಾನದಲ್ಲಿ ಫಾದರ್ ಎಡ್ಡಿ ಸ್ಮಾರಕ ಶಾಲಾ ಟೂರ್ನಿ ನಡೆಯುತ್ತ ಬಂದಿದೆ. ಟಿಳಕವಾಡಿಯ ಲೇಲೆ ಮೈದಾನದಲ್ಲಿ ಸಂಜೆ ಚೆಂಡಿನ ಹಿಂದೆ ಓಡುವ ಹುಡುಗರನ್ನು ಕಾಣದವರು ಈ ಊರಲ್ಲಿ ಕಡಿಮೆ. ಆದರೆ ನಾಕೌಟ್ ಟೂರ್ನಿಯಲ್ಲಿ ಮೊದಲ ದಿನ ಸೋತ ತಂಡಕ್ಕೆ ಒಂದೇ ಪಂದ್ಯ. ಆ ಹುಡುಗ ಮತ್ತೆ ಮುಂದಿನ ವರ್ಷದವರೆಗೆ ಕಾಯಬೇಕು. ಆಟಗಾರ ಬೆಳೆಯುವುದು ಲೀಗಿನಲ್ಲಿ. ಸೋತರೂ ಮುಂದಿನ ಭಾನುವಾರ ಮತ್ತೆ ಆಡಲೇಬೇಕಾದ ಪಂದ್ಯದಲ್ಲಿ.

ಹದಿನೆಂಟು ಎಕರೆಯ ಲೆಕ್ಕ

ಹಾಗಾದರೆ ಎಷ್ಟು ಬೇಕು? ಲೆಕ್ಕ ಹಾಕೋಣ. ಅಂತರರಾಷ್ಟ್ರೀಯ ಅಳತೆಯ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. 7,140 ಚದರ ಮೀಟರ್. ನಮ್ಮ ಅಳತೆಯಲ್ಲಿ ಒಂದು ಎಕರೆ ಮೂವತ್ತು ಗುಂಟೆ. 2011ರಲ್ಲಿ ಜಿಲ್ಲೆಯಲ್ಲಿದ್ದ 10 ತಾಲ್ಲೂಕುಗಳಿಗೆ ಒಂದೊಂದು ಎಂದರೂ ಹತ್ತು ಅಂಕಣ ಹದಿನೆಂಟು ಎಕರೆಯೊಳಗೆ ಮುಗಿಯುತ್ತದೆ. ಬೆಳಗಾವಿ ಜಿಲ್ಲೆಯ ಒಟ್ಟು ನೆಲ 33 ಲಕ್ಷ ಎಕರೆ.

ತಾಲ್ಲೂಕಿಗೊಂದು ಕ್ಲಬ್ಬು ಎಂದುಕೊಳ್ಳಿ. ಹತ್ತು ಕ್ಲಬ್ಬು ತಮ್ಮ ಊರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡಿದರೆ 90 ಪಂದ್ಯ, ತಂಡಕ್ಕೆ 18. ಒಡಾಫಾ 22 ಗೋಲು ಹೊಡೆದ ಐ–ಲೀಗೂ ಇಷ್ಟೇ ಗಾತ್ರದ್ದು: ಹತ್ತು ತಂಡ, ತಲಾ 18 ಪಂದ್ಯ. ದೊಡ್ಡವರ ತಂಡದ ಜೊತೆಗೆ 18, 15, 13 ವರ್ಷದೊಳಗಿನ ಮೂರು ತಂಡ ಸೇರಿಸಿ. ಪಂದ್ಯಗಳು 360. ತಂಡಕ್ಕೆ 25ರಂತೆ ಆಟಗಾರರು ಸಾವಿರ. ತಂಡಕ್ಕೆ ಇಬ್ಬರಂತೆ ಕೋಚ್‌ಗಳು 80. ಹುಡುಗಿಯರಿಗೂ ಇಷ್ಟೇ ಕಟ್ಟಿದರೆ ಎಲ್ಲವೂ ಎರಡು ಪಟ್ಟು: 720 ಪಂದ್ಯ, ಎರಡು ಸಾವಿರ ಆಟಗಾರರು. 47.8 ಲಕ್ಷ ಜನರಲ್ಲಿ ಎರಡು ಸಾವಿರ ಎಂದರೆ ಎರಡು ಸಾವಿರದ ನಾನೂರು ಮಂದಿಯಲ್ಲಿ ಒಬ್ಬರು. ಇಷ್ಟು ಚಿಕ್ಕ ಬಿತ್ತನೆ ಇಲ್ಲದೆ ದೊಡ್ಡ ಫಸಲನ್ನು ಕೇಳುತ್ತ ಕೂತಿದ್ದೇವೆ.

ಗೋವಾಕ್ಕೆ ಅದಿರು ಇತ್ತು. ನಮಗೆ ಉದ್ಯಮಬಾಗದ ಫೌಂಡ್ರಿಗಳಿವೆ, ಅಲ್ಯೂಮಿನಿಯಂ ಕಾರ್ಖಾನೆಯಿದೆ, ಜಿಲ್ಲೆಯ ತುಂಬ ಸಕ್ಕರೆ ಕಾರ್ಖಾನೆಗಳಿವೆ, ಸಹಕಾರಿ ಬ್ಯಾಂಕುಗಳಿವೆ, ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವಿದೆ. ಒಬ್ಬ ಮಾಲೀಕನ ಹೆಗಲ ಮೇಲೆ ನಿಂತ ಕ್ಲಬ್ಬು ಆ ಹೆಗಲು ಸರಿದರೆ ಬೀಳುತ್ತದೆ. ಹತ್ತು ತಾಲ್ಲೂಕಿನ ಹತ್ತು ಕ್ಲಬ್ಬುಗಳನ್ನು ಹತ್ತು ಕೈಗಳು ಹಿಡಿದರೆ ಹಾಗಾಗುವುದಿಲ್ಲ. ಕನ್ನಡ, ಮರಾಠಿ, ಉರ್ದು, ಕೊಂಕಣಿ ಮನೆಮಾತಿನ ಮಕ್ಕಳು ಒಂದೇ ತಂಡದ ಅಂಗಿ ತೊಡಲು ಇದಕ್ಕಿಂತ ಒಳ್ಳೆಯ ದಾರಿಯೂ ಈ ಸೀಮೆಗೆ ಇಲ್ಲ.

ಆದ್ದರಿಂದ ಜಿಲ್ಲಾಡಳಿತಕ್ಕೆ, ಉದ್ಯಮಿಗಳಿಗೆ, ಶಾಲೆಗಳಿಗೆ, ಫುಟ್‌ಬಾಲ್ ಸಂಘಟಕರಿಗೆ ನನ್ನ ಕೋರಿಕೆ ಒಂದೇ. ಇನ್ನೊಂದು ಕಪ್ಪಿನ ಬದಲು ಒಂದು ಲೀಗು ಕಟ್ಟಿ. ಮೊದಲ ವರ್ಷ ಬೆಳಗಾವಿ ನಗರ ಮತ್ತು ಖಾನಾಪುರದ ತಂಡಗಳಷ್ಟೇ ಇದ್ದರೂ ಸಾಕು. ಆದರೆ ಪಂದ್ಯಗಳು ವಾರವಾರವೂ ನಡೆಯಲಿ, ಎಲ್ಲ ವಯಸ್ಸಿನ ತಂಡಗಳಿಗೂ ನಡೆಯಲಿ, ಪ್ರತಿ ವರ್ಷವೂ ನಡೆಯಲಿ. ಹದಿನಾಲ್ಕೂವರೆ ಲಕ್ಷ ಜನ ಒಂಬತ್ತು ಸಲ ದೇಶ ಗೆದ್ದರು. ನಲವತ್ತೆಂಟು ಲಕ್ಷ ಜನರ ಜಿಲ್ಲೆ ಮೊದಲ ಲೀಗಿನ ಮೊದಲ ಪಂದ್ಯಕ್ಕೆ ದಿನಾಂಕ ಗೊತ್ತು ಮಾಡಲಿ.